ಮೋಟಾರ್ ನ್ಯೂರಾನ್ ರೋಗದ ಚಿಕಿತ್ಸೆಯಲ್ಲಿ ಉಪಶಾಮಕ ಆರೈಕೆ: ರಾಯಚೂರು, ದೇವದುರ್ಗ, ಮಾನ್ವಿ

ಮೆದುಳು ಮತ್ತು ಬೆನ್ನುಹುರಿಯಲ್ಲಿದ್ದು ಸ್ನಾಯುಗಳನ್ನು ಆಡಿಸುವ ನರಕೋಶಗಳು ಕ್ರಮೇಣ ನಶಿಸುತ್ತ ಹೋಗುವ ಕಾಯಿಲೆಗಳ ಗುಂಪಿಗೆ ಮೋಟಾರ್ ನ್ಯೂರಾನ್ ರೋಗ ಎನ್ನುತ್ತಾರೆ. ಈ ಗುಂಪಿನಲ್ಲಿ ಹೆಚ್ಚಾಗಿ ಕಾಣುವುದು ಎಎಲ್‌ಎಸ್. ಫ್ರಾನ್ಸಿನ ನರವೈದ್ಯ ಶಾರ್ಕೋ ಇದನ್ನು 1869ರಲ್ಲಿ ವಿವರಿಸಿದರು. ಒಂದೂವರೆ ಶತಮಾನ ಕಳೆದರೂ ಗುಣಪಡಿಸುವ ಮದ್ದು ಸಿಕ್ಕಿಲ್ಲ. ಮದ್ದಿಲ್ಲ ಎಂದರೆ ಮಾಡುವುದೇನೂ ಇಲ್ಲ ಎಂದು ಅನೇಕ ಕುಟುಂಬಗಳು ತಿಳಿಯುತ್ತವೆ, ಕೆಲವು ವೈದ್ಯರೂ ಹಾಗೆಯೇ ಹೇಳಿ ಕಳಿಸುತ್ತಾರೆ. ಇದು ತಪ್ಪು. ಉಸಿರು, ಆಹಾರ, ಮಾತು, ನೋವು, ನಿದ್ರೆ, ಮನಸ್ಸು, ಮನೆಯ ಖರ್ಚು ಇವೆಲ್ಲವನ್ನೂ ರೋಗ ಪತ್ತೆಯಾದ ದಿನದಿಂದ ಒಟ್ಟಿಗೆ ನೋಡಿಕೊಳ್ಳುವ ಉಪಶಾಮಕ ಆರೈಕೆಯಿಂದ ರೋಗಿಯ ದಿನಗಳು ಹಗುರಾಗುತ್ತವೆ, ಹಲವರಲ್ಲಿ ಆಯುಸ್ಸೂ ಹೆಚ್ಚುತ್ತದೆ. ಬೆಂಗಳೂರಿನಿಂದ 400 ಕಿ.ಮೀ.ಗೂ ದೂರದ ರಾಯಚೂರು ಜಿಲ್ಲೆಯಲ್ಲಿ, ಅದರಲ್ಲೂ ರೈಲಿನ ಸಂಪರ್ಕವೇ ಇಲ್ಲದ ದೇವದುರ್ಗದಂಥ ತಾಲ್ಲೂಕಿನಲ್ಲಿ ಈ ಆರೈಕೆಯನ್ನು ಚಿಕಿತ್ಸೆಯೊಳಗೆ ಸೇರಿಸುವ ಬಗೆ ಈ ಲೇಖನದ ವಿಷಯ.

ರೋಗದ ಸ್ವರೂಪ

ರೋಗ ಹೆಚ್ಚಾಗಿ ಒಂದು ಕೈ ಅಥವಾ ಒಂದು ಕಾಲಿನಲ್ಲಿ ಶುರುವಾಗುತ್ತದೆ. ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ, ಕುಡುಗೋಲಿನ ಹಿಡಿತ ಸಡಿಲಾಗುತ್ತದೆ, ನಡೆಯುವಾಗ ಚಪ್ಪಲಿ ತಾನಾಗಿ ಜಾರಿ ಹಿಂದೆ ಉಳಿಯುತ್ತದೆ. ಕೈಯಾಗ ಕಸುವಿಲ್ಲ ಎಂದು ಈ ಭಾಗದವರು ಹೇಳುವುದು ಇದನ್ನೇ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮೊದಲ ಪೆಟ್ಟು ಬೀಳುವುದು ನಾಲಿಗೆ ಮತ್ತು ಗಂಟಲಿಗೆ. ಮಾತು ತೊದಲುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಸ್ನಾಯುಗಳು ಕರಗುತ್ತವೆ, ಚರ್ಮದಡಿಯಲ್ಲಿ ಅದುರುತ್ತವೆ, ಸೆಡೆತುಕೊಳ್ಳುತ್ತವೆ. ತಿಂಗಳುಗಳು ಉರುಳಿದಂತೆ ದೌರ್ಬಲ್ಯ ಉಳಿದ ಕೈಕಾಲುಗಳಿಗೆ, ಕುತ್ತಿಗೆಗೆ, ಕೊನೆಗೆ ಉಸಿರಾಟದ ಸ್ನಾಯುಗಳಿಗೆ ಹರಡುತ್ತದೆ. ಕಣ್ಣಿನ ಚಲನೆ, ಸ್ಪರ್ಶ, ಮಲಮೂತ್ರದ ಹಿಡಿತ ಬಹುಮಟ್ಟಿಗೆ ಉಳಿದಿರುತ್ತವೆ. ಹೆಚ್ಚಿನವರಲ್ಲಿ ಬುದ್ಧಿಯೂ ಚುರುಕಾಗಿಯೇ ಇರುತ್ತದೆ. ಆದರೆ ಒಂದು ಪಾಲು ರೋಗಿಗಳಲ್ಲಿ ನಡವಳಿಕೆ ಮತ್ತು ವಿವೇಚನೆಯಲ್ಲಿ ಬದಲಾವಣೆ ಕಾಣುತ್ತದೆ. ಕೆಲವರಲ್ಲಿ ಅದು ಸ್ಪಷ್ಟ ಮರೆಗುಳಿತನದವರೆಗೂ ಹೋಗುತ್ತದೆ.

ಶೇ. 5ರಿಂದ 10ರಷ್ಟು ರೋಗಿಗಳ ಮನೆತನದಲ್ಲಿ ಈ ರೋಗ ಮೊದಲೇ ಇರುತ್ತದೆ. ಇಂಥ ಮನೆತನಗಳಲ್ಲಿ 1993ರಲ್ಲಿ ಎಸ್‌ಒಡಿ1, 2011ರಲ್ಲಿ ಸಿ9ಒಆರ್‌ಎಫ್72 ಎಂಬ ಜೀನುಗಳ ದೋಷ ಪತ್ತೆಯಾಯಿತು. ಉಳಿದವರಲ್ಲಿ ಕಾರಣ ಖಚಿತವಾಗಿಲ್ಲ. ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹಳ್ಳಿಯಲ್ಲಿ ಈ ಮಾತನ್ನು ಬಿಡಿಸಿ ಹೇಳಲೇಬೇಕು. ಇಲ್ಲದಿದ್ದರೆ ಊಟದ ತಟ್ಟೆ ಬೇರೆಯಾಗುತ್ತದೆ, ನೆರೆಯವರು ಬರುವುದನ್ನು ನಿಲ್ಲಿಸುತ್ತಾರೆ.

ಪಾಶ್ಚಾತ್ಯ ದೇಶಗಳ ಪುಸ್ತಕಗಳು ರೋಗ ಶುರುವಾದ ಮೇಲೆ ಸರಾಸರಿ ಮೂರರಿಂದ ಐದು ವರ್ಷ ಎಂದು ಬರೆಯುತ್ತವೆ. ಸುಮಾರು ಹತ್ತರಲ್ಲಿ ಒಬ್ಬರು ಹತ್ತು ವರ್ಷ ದಾಟುತ್ತಾರೆ. ಬ್ರಿಟನ್ನಿನ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 1963ರಲ್ಲಿ ರೋಗ ಪತ್ತೆಯಾದ ಬಳಿಕ 55 ವರ್ಷ ಬದುಕಿದ್ದು ತೀರ ಅಪರೂಪದ ಉದಾಹರಣೆ.

ಕರ್ನಾಟಕದ ಅಧ್ಯಯನಗಳು

ಈ ರೋಗದ ಬಗ್ಗೆ ಭಾರತದ ತಿಳಿವಳಿಕೆ ಬಹುಪಾಲು ದಕ್ಷಿಣದಿಂದಲೇ ಬಂದಿದೆ. 1970ರಲ್ಲಿ ಮದರಾಸಿನ ವೈದ್ಯರು ಹರೆಯದವರಲ್ಲಿ ಶುರುವಾಗುವ, ಮುಖ ಮತ್ತು ಗಂಟಲಿನ ಸ್ನಾಯುಗಳ ಜೊತೆಗೆ ಕಿವಿಯನ್ನೂ ಮಂದಗೊಳಿಸುವ ಒಂದು ಬಗೆಯನ್ನು ಗುರುತಿಸಿದರು. ಅದು ಮದ್ರಾಸ್ ಮೋಟಾರ್ ನ್ಯೂರಾನ್ ರೋಗ ಎಂಬ ಹೆಸರಿನಲ್ಲಿ ಉಳಿದಿದೆ. ನಿಧಾನವಾಗಿ ಸಾಗುವ ಈ ಬಗೆಯ ರೋಗಿಗಳು ಕರ್ನಾಟಕದಲ್ಲೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ಒಂದೇ ಕೈ ಅಥವಾ ಒಂದೇ ಕಾಲಿಗೆ ಸೀಮಿತವಾದ ಸ್ನಾಯುಕ್ಷಯವನ್ನು ವಿವರಿಸಿದರು. ಕೆಲವು ವರ್ಷ ಬೆಳೆದು ತಾನಾಗಿ ನಿಲ್ಲುವ ಈ ಕಾಯಿಲೆ ಎಎಲ್‌ಎಸ್‌ನಂತೆ ಪ್ರಾಣಕ್ಕೆ ಎರವಾಗುವುದಿಲ್ಲ. ಇಪ್ಪತ್ತರ ಹರೆಯದ ಹುಡುಗನ ಒಂದು ಕೈ ಬತ್ತಿದ್ದನ್ನು ಕಂಡ ತಕ್ಷಣ ಕೆಟ್ಟ ಸುದ್ದಿ ಹೇಳಬಾರದು ಎಂಬ ಎಚ್ಚರ ಈ ಅಧ್ಯಯನದಿಂದ ಬಂತು.

ಡಾ. ಎ. ನಳಿನಿ ಮತ್ತು ತಂಡ 2008ರಲ್ಲಿ ಪ್ರಕಟಿಸಿದ ನಿಮ್ಹಾನ್ಸ್ ಅಧ್ಯಯನ 30 ವರ್ಷಗಳ ಅವಧಿಯ 1,153 ಎಎಲ್‌ಎಸ್ ರೋಗಿಗಳನ್ನು ಒಳಗೊಂಡಿತ್ತು. ರೋಗ ಶುರುವಾದ ಸರಾಸರಿ ವಯಸ್ಸು ಸುಮಾರು 46. ಪಾಶ್ಚಾತ್ಯ ದೇಶಗಳಲ್ಲಿ ಇದು ಅರವತ್ತರ ಆಸುಪಾಸಿನಲ್ಲಿದೆ. ಬದುಕಿನ ಅವಧಿಯೂ ಅಲ್ಲಿಗಿಂತ ದೀರ್ಘವಾಗಿ ಕಂಡುಬಂತು. ಈ ಎರಡು ಸಂಗತಿಗಳಿಂದ ಆರೈಕೆಯ ಲೆಕ್ಕವೇ ಬದಲಾಗುತ್ತದೆ. ನಲವತ್ತಾರು ಎಂದರೆ ಮಕ್ಕಳು ಇನ್ನೂ ಶಾಲೆಯಲ್ಲಿರುವ, ಹೊಲದ ಸಾಲ ತೀರದ, ಮನೆಯ ಮುಖ್ಯ ದುಡಿಮೆ ತನ್ನದೇ ಆಗಿರುವ ವಯಸ್ಸು. ಅವಧಿ ದೀರ್ಘವಾದರೆ ಮನೆಯವರು ಹೊರಬೇಕಾದ ಭಾರವೂ ದೀರ್ಘವಾಗುತ್ತದೆ.

ರಾಯಚೂರು ಜಿಲ್ಲೆಯಲ್ಲಿ ರೋಗಪತ್ತೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 19 ಲಕ್ಷ ದಾಟಿತ್ತು. ಲಕ್ಷಕ್ಕೆ ನಾಲ್ವರು ಎಂಬ ಎಚ್ಚರಿಕೆಯ ಲೆಕ್ಕ ಹಿಡಿದರೂ ಯಾವುದೇ ಹೊತ್ತಿನಲ್ಲಿ ಜಿಲ್ಲೆಯಲ್ಲಿ ಸುಮಾರು 75 ರೋಗಿಗಳು ಇರಬೇಕು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಮ್ಮ ಇಡೀ ಸೇವಾವಧಿಯಲ್ಲಿ ಒಬ್ಬಿಬ್ಬರನ್ನು ಮಾತ್ರ ನೋಡಿರುತ್ತಾರೆ. ರೋಗ ತಡವಾಗಿ ತಿಳಿಯುವುದಕ್ಕೆ ಇದು ಮೊದಲ ಕಾರಣ.

ಎರಡನೆಯದು, ಈ ನೆಲದಲ್ಲಿ ಎಎಲ್‌ಎಸ್‌ನಂತೆ ಕಾಣುವ ಬೇರೆ ಕಾಯಿಲೆಗಳು ಇರುವುದು. ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಆ ನೀರು ಕುಡಿದವರ ಬೆನ್ನೆಲುಬು ಗಡುಸಾಗಿ ಬೆನ್ನುಹುರಿಯನ್ನು ಒತ್ತಿದರೆ ಕಾಲು ಸೆಟೆದುಕೊಳ್ಳುತ್ತದೆ, ಕೈಯ ಸ್ನಾಯು ಕರಗುತ್ತದೆ. ಹತ್ತಿಯ ಹೊಲಗಳಿರುವ ಸೀಮೆಯಲ್ಲಿ ಕೆಲವು ಕೀಟನಾಶಕಗಳು ಮೈಗೆ ಸೇರಿದರೆ ವಾರಗಳ ನಂತರ ಕಾಲಿನ ನರಗಳು ಸೋಲಬಹುದು. ಕುಷ್ಠರೋಗದಲ್ಲೂ ಕೈ ಬತ್ತಿ ಬೆರಳು ಮಡಚಿಕೊಳ್ಳುತ್ತವೆ, ಆದರೆ ಅಲ್ಲಿ ಚರ್ಮ ಸ್ಪರ್ಶ ಕಳೆದುಕೊಂಡಿರುತ್ತದೆ. ಕುತ್ತಿಗೆ ಮೂಳೆಯ ಸವೆತ, ಬಿ12 ಕೊರತೆ, ಥೈರಾಯ್ಡ್ ತೊಂದರೆ ಇವನ್ನೂ ಮೊದಲು ತಳ್ಳಿಹಾಕಬೇಕು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ. ಹಾಗಾಗಿ ಎಎಲ್‌ಎಸ್ ಎಂಬ ತೀರ್ಮಾನವನ್ನು ಇಎಂಜಿ, ಎಂಆರ್‌ಐ, ರಕ್ತಪರೀಕ್ಷೆ ಮಾಡಿಸಿ ನರರೋಗ ತಜ್ಞರೇ ಹೇಳಬೇಕು. ಆಶಾ ಕಾರ್ಯಕರ್ತೆಯ ಮಟ್ಟಕ್ಕೆ ಒಂದು ಸರಳ ಗುರುತು ಸಾಕು: ಜೋಮು ಇಲ್ಲದೆ, ನೋವೂ ಹೆಚ್ಚಿಲ್ಲದೆ ಕೈಕಾಲು ಸೋಲುತ್ತಿದ್ದರೆ, ಮಾಂಸ ಕರಗುತ್ತಿದ್ದರೆ ತಡಮಾಡದೆ ದೊಡ್ಡ ದವಾಖಾನೆಗೆ ಕಳಿಸುವುದು.

ಮೂರನೆಯ ಕಾರಣ ಸಾಮಾಜಿಕ. ಕೈ ಎತ್ತಲಾಗದವರನ್ನು ಲಕ್ವ ಹೊಡೆದಿದೆ ಎಂದು ನಾಟಿ ಮದ್ದಿಗೆ ಕರೆದೊಯ್ಯುತ್ತಾರೆ. ಲಕ್ವ ಒಂದೇ ದಿನದಲ್ಲಿ ಬರುತ್ತದೆ, ಈ ರೋಗ ತಿಂಗಳುಗಳಲ್ಲಿ ಏರುತ್ತದೆ. ಈ ವ್ಯತ್ಯಾಸ ತಿಳಿಯುವ ಹೊತ್ತಿಗೆ ಕೈಯಲ್ಲಿದ್ದ ಹಣ ಕರಗಿರುತ್ತದೆ. ನಂತರ ಹೈದರಾಬಾದು, ಬೆಂಗಳೂರು, ಸೊಲ್ಲಾಪುರದ ಅಲೆದಾಟ. ಕೊನೆಯಲ್ಲಿ ಕಾಂಡಕೋಶ ಚಿಕಿತ್ಸೆಯ ಜಾಹೀರಾತುಗಳು ಕಾಯುತ್ತಿರುತ್ತವೆ. ಇಂಥ ಚಿಕಿತ್ಸೆ ಎಎಲ್‌ಎಸ್‌ಗೆ ಇನ್ನೂ ಪ್ರಯೋಗದ ಹಂತದ್ದು, ಪರವಾನಗಿ ಪಡೆದ ಪ್ರಯೋಗಗಳ ಹೊರಗೆ ಹಣ ಪಡೆದು ಕೊಡುವಂತಿಲ್ಲ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ನಿಲುವು. ಎರಡು ಎಕರೆ ಮಾರಿ ಇಂಜೆಕ್ಷನ್ ಹಾಕಿಸುವ ಮುನ್ನ ಈ ಒಂದು ಮಾತನ್ನು ಕುಟುಂಬಕ್ಕೆ ಹೇಳುವವರು ಬೇಕು. ಅದನ್ನು ಹೇಳುವುದೂ ಉಪಶಾಮಕ ಆರೈಕೆಯ ಕೆಲಸವೇ.

ಔಷಧಿಗಳು, ಅವುಗಳ ಮಿತಿ

1995ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ರಿಲುಜೋಲ್ ಇಂದಿಗೂ ಮುಖ್ಯ ಔಷಧಿ. ಪ್ರಯೋಗಗಳಲ್ಲಿ ಅದು ಆಯುಸ್ಸನ್ನು ಎರಡು ಮೂರು ತಿಂಗಳಷ್ಟು ಹೆಚ್ಚಿಸಿದೆ. ಭಾರತದಲ್ಲಿ ಅದು ಸಿಗುತ್ತದೆ. ಆಗಾಗ ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ಎಡರಾವೋನ್ ಜಪಾನಿನಲ್ಲಿ 2015ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಬಂತು. ಅದರ ಲಾಭ ಸೀಮಿತ, ರಕ್ತನಾಳಕ್ಕೆ ಪದೇ ಪದೇ ಚುಚ್ಚುವ ಕಾಟ ಹೆಚ್ಚು. ಎಸ್‌ಒಡಿ1 ದೋಷವಿರುವ ಕೆಲವರಿಗಾಗಿ 2023ರಲ್ಲಿ ಅಮೆರಿಕದಲ್ಲಿ ಟೋಫರ್ಸೆನ್ ಅನುಮೋದನೆಗೊಂಡಿತು.

ಇವುಗಳ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಡಬೇಕು. ಐರ್ಲೆಂಡಿನಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನರವೈದ್ಯ, ಫಿಸಿಯೋಥೆರಪಿಸ್ಟ್, ಆಹಾರ ತಜ್ಞ, ಮಾತಿನ ತಜ್ಞ, ಸಮಾಜ ಕಾರ್ಯಕರ್ತ ಒಟ್ಟಿಗೆ ನೋಡುವ ಕ್ಲಿನಿಕ್ಕಿನ ರೋಗಿಗಳು ಸಾಮಾನ್ಯ ನರರೋಗ ವಿಭಾಗದ ರೋಗಿಗಳಿಗಿಂತ ಏಳೂವರೆ ತಿಂಗಳು ಹೆಚ್ಚು ಬದುಕಿದರು. ಇದು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ, ಕ್ಲಿನಿಕ್ಕಿಗೆ ಬರುವ ಶಕ್ತಿಯಿದ್ದವರೇ ಬಂದಿರಲೂಬಹುದು. ಹಾಗಿದ್ದರೂ ಒಂದು ಮಾತ್ರೆಯ ಲಾಭಕ್ಕಿಂತ ಒಂದು ತಂಡದ ಲಾಭ ದೊಡ್ಡದಾಗಿ ಕಂಡಿದ್ದನ್ನು ಕಡೆಗಣಿಸಲಾಗದು. ಮಾತ್ರೆಯನ್ನು ಬೆಂಗಳೂರಿನಿಂದ ತರಿಸಬಹುದು. ತಂಡವನ್ನು ಜಿಲ್ಲೆಯಲ್ಲೇ ಕಟ್ಟಬೇಕು.

ಉಪಶಾಮಕ ಆರೈಕೆಯ ಬೆಳವಣಿಗೆ

ಆಧುನಿಕ ಉಪಶಾಮಕ ಆರೈಕೆಯ ಆರಂಭ 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್‌ನಿಂದ. ಕ್ಯಾನ್ಸರ್ ರೋಗಿಗಳ ಜೊತೆಗೆ ಮೋಟಾರ್ ನ್ಯೂರಾನ್ ರೋಗಿಗಳನ್ನೂ ಅವರು ಮೊದಲಿನಿಂದಲೇ ಸೇರಿಸಿಕೊಂಡರು. ಭಾರತದಲ್ಲಿ ಈ ಕ್ರಮ ಹಿಂದುಮುಂದಾಯಿತು. 1986ರಲ್ಲಿ ಮುಂಬೈಯ ಶಾಂತಿ ಆವೇದನಾ, 1999ರಲ್ಲಿ ಬೆಂಗಳೂರಿನ ಕರುಣಾಶ್ರಯ ಶುರುವಾದದ್ದು ಕ್ಯಾನ್ಸರ್ ರೋಗಿಗಳಿಗಾಗಿ. ನರರೋಗಿಗಳು ಬಹುಕಾಲ ಈ ಬಾಗಿಲಿನ ಹೊರಗೇ ಉಳಿದರು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮುಂದಾಳತ್ವದಲ್ಲಿ ಹುಟ್ಟಿದ ಸಂಘ, ನಂತರ ಕೇರಳದ ಹಳ್ಳಿಗಳಲ್ಲಿ ಹರಡಿದ ನೆರೆಹೊರೆಯ ಜಾಲ ಆರೈಕೆಯನ್ನು ಮನೆಯ ಬಾಗಿಲಿಗೆ ತಂದವು. ಯಾವ ಕಾಯಿಲೆಯಾದರೂ ಹಾಸಿಗೆ ಹಿಡಿದವರೆಲ್ಲ ಅದರ ವ್ಯಾಪ್ತಿಗೆ ಬಂದರು. ಕೇರಳ 2008ರಲ್ಲಿ ಸರ್ಕಾರಿ ನೀತಿ ರೂಪಿಸಿತು, ಕರ್ನಾಟಕದ ನೀತಿ 2016ರಲ್ಲಿ ಬಂತು. ಉಪಶಾಮಕ ಆರೈಕೆಯನ್ನು ಎಲ್ಲ ಹಂತದ ಆರೋಗ್ಯ ಸೇವೆಯೊಳಗೆ ಸೇರಿಸಬೇಕೆಂದು ವಿಶ್ವ ಆರೋಗ್ಯ ಸಭೆ 2014ರಲ್ಲಿ ನಿರ್ಣಯಿಸಿತ್ತು.

ಬೇಗ ಶುರುಮಾಡಿದರೆ ರೋಗಿ ಧೈರ್ಯ ಕಳೆದುಕೊಳ್ಳುತ್ತಾನೆ ಎಂಬ ಆತಂಕ ವೈದ್ಯರಲ್ಲೂ ಇದೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಪ್ರಯೋಗ ಈ ಆತಂಕಕ್ಕೆ ಉತ್ತರ ಕೊಟ್ಟಿತು. ಹರಡಿದ ಶ್ವಾಸಕೋಶದ ಕ್ಯಾನ್ಸರ್‌ನ 151 ರೋಗಿಗಳಲ್ಲಿ, ಮೊದಲಿನಿಂದಲೇ ಉಪಶಾಮಕ ಆರೈಕೆ ಪಡೆದವರ ಬದುಕಿನ ಗುಣಮಟ್ಟ ಉತ್ತಮವಾಗಿತ್ತು, ಖಿನ್ನತೆ ಕಡಿಮೆಯಿತ್ತು, ಆಯುಸ್ಸು ಸುಮಾರು ಎರಡೂವರೆ ತಿಂಗಳು ಹೆಚ್ಚಿತ್ತು. ಎಎಲ್‌ಎಸ್‌ನಲ್ಲಿ ಬೇಗ ಶುರುಮಾಡಲು ಇನ್ನೂ ಬಲವಾದ ಕಾರಣವಿದೆ: ಮಾತು ನಿಂತ ಮೇಲೆ ರೋಗಿಯ ಇಚ್ಛೆ ಕೇಳುವುದು ಕಷ್ಟ, ಉಸಿರು ಸೋತ ಮೇಲೆ ಹೊಟ್ಟೆಗೆ ನಳಿಕೆ ಹಾಕುವುದು ಅಪಾಯ. ಪ್ರತಿಯೊಂದು ನೆರವಿಗೂ ಅದರದೇ ಹೊತ್ತಿದೆ, ಆ ಹೊತ್ತು ಮೀರಿದರೆ ಮತ್ತೆ ಬರುವುದಿಲ್ಲ.

ಉಸಿರಾಟ

ಉಸಿರಿನ ಸ್ನಾಯುಗಳು ಸೋಲುವುದು ಮೊದಲು ತಿಳಿಯುವುದು ರಾತ್ರಿ. ಅಂಗಾತ ಮಲಗಲಾಗದು, ನಿದ್ದೆ ಪದೇ ಪದೇ ಒಡೆಯುತ್ತದೆ, ಬೆಳಗ್ಗೆ ತಲೆನೋವು, ಹಗಲು ತೂಕಡಿಕೆ. ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುವುದರ ಗುರುತುಗಳಿವು. ಈ ಹಂತದಲ್ಲಿ ಮುಖವಾಡದ ಮೂಲಕ ಗಾಳಿ ಒತ್ತುವ ಬೈಪ್ಯಾಪ್ ಯಂತ್ರ ದೊಡ್ಡ ನೆರವು. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ 41 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಂಟಲಿನ ಸ್ನಾಯುಗಳು ತೀರ ಸೋತಿರದವರಿಗೆ ಈ ಯಂತ್ರ 205 ದಿನಗಳ ಹೆಚ್ಚಿನ ಬದುಕು ಕೊಟ್ಟಿತು, ಅದೂ ನೆಮ್ಮದಿಯ ನಿದ್ದೆಯ ಜೊತೆಗೆ. ಗಂಟಲು ತೀರ ಸೋತವರಲ್ಲಿ ಆಯುಸ್ಸು ಹೆಚ್ಚದಿದ್ದರೂ ನಿದ್ರೆಯ ತೊಂದರೆಗಳು ತಗ್ಗಿದವು.

ಇಲ್ಲೊಂದು ಅಪಾಯವಿದೆ, ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದವರು ಇದನ್ನು ತಿಳಿದಿರಲೇಬೇಕು. ಏದುಸಿರು ಬಿಡುತ್ತ ಬಂದ ಎಎಲ್‌ಎಸ್ ರೋಗಿಗೆ ಬರೀ ಆಕ್ಸಿಜನ್ ಹಚ್ಚಿದರೆ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಏರಿ ರೋಗಿ ಪ್ರಜ್ಞೆ ತಪ್ಪಬಹುದು. ಬೇಕಾಗಿರುವುದು ಗಾಳಿಯ ಒತ್ತಡದ ನೆರವು. ರೋಗಿಯ ಬಳಿ ಕನ್ನಡದಲ್ಲಿ ಇದನ್ನು ಬರೆದ ಒಂದು ಚೀಟಿ ಇದ್ದರೆ ಜೀವ ಉಳಿದೀತು.

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರಿನಿಂದ ಮುಖವಾಡ ಜಾರುತ್ತದೆ, ಬಾಯಿ ಒಣಗಿ ಕಫ ಗಟ್ಟಿಯಾಗುತ್ತದೆ, ಕರೆಂಟ್ ಹೋದರೆ ಯಂತ್ರ ನಿಲ್ಲುತ್ತದೆ. ಹಾಗಾಗಿ ಬೈಪ್ಯಾಪ್ ಬರೆದುಕೊಡುವ ವೈದ್ಯರು ಅದರ ಜೊತೆಗೆ ಇನ್ವರ್ಟರ್ ಅಥವಾ ಬ್ಯಾಟರಿಯನ್ನೂ ಕೈಯಿಂದ ಒತ್ತುವ ಆಂಬು ಚೀಲವನ್ನೂ ಬರೆದುಕೊಡಬೇಕು, ಅದನ್ನು ಬಳಸುವುದನ್ನು ಮನೆಯ ಇಬ್ಬರಿಗಾದರೂ ಕಲಿಸಬೇಕು. ದೇವದುರ್ಗದ ಒಳಹಳ್ಳಿಯಲ್ಲಿ ಯಂತ್ರ ಕೆಟ್ಟರೆ ಸರಿಮಾಡುವವರು ಅದೇ ದಿನ ಬರುವ ಭರವಸೆ ಇಲ್ಲ.

ಯಂತ್ರದಿಂದಲೂ ತಗ್ಗದ ಏದುಸಿರಿಗೆ ಬಾಯಿಂದ ಕೊಡುವ ಮಾರ್ಫಿನ್, ಬಹಳ ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸಿದಾಗ, ಸುರಕ್ಷಿತವಾಗಿ ಕೆಲಸ ಮಾಡುತ್ತದೆ. ಮಾರ್ಫಿನ್ ಕೊಟ್ಟರೆ ಕೊನೆ ಬಂತು ಎಂಬ ಭಯಕ್ಕೆ ಆಧಾರವಿಲ್ಲ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಅದನ್ನು ಇಡಲು ಹೆದರುತ್ತಿದ್ದವು. 2014ರ ತಿದ್ದುಪಡಿ ಹಲವು ಪರವಾನಗಿಗಳ ತೊಡಕನ್ನು ತೆಗೆದು, ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಅದನ್ನು ಇಟ್ಟುಕೊಳ್ಳಲು ದಾರಿ ಮಾಡಿತು.

ನುಂಗುವುದು, ಜೊಲ್ಲು

ಖಡಕ್ ಜೋಳದ ರೊಟ್ಟಿ ಈ ಸೀಮೆಯ ಊಟ. ನಾಲಿಗೆ ಸೋತವರಿಗೆ ಅದು ಮೊದಲ ಶತ್ರು. ಒಣ ಚೂರುಗಳು ಗಂಟಲಲ್ಲಿ ಚದುರುತ್ತವೆ. ಅದಕ್ಕಿಂತ ಕಷ್ಟದ್ದು ನೀರು ಮತ್ತು ಚಹಾ, ತೆಳುವಾದದ್ದು ಬೇಗ ಶ್ವಾಸನಾಳಕ್ಕೆ ಇಳಿಯುತ್ತದೆ. ಪೇಟೆಯ ದುಬಾರಿ ಪುಡಿಗಳಿಲ್ಲದೆಯೂ ಇದಕ್ಕೆ ಉಪಾಯವಿದೆ: ಗಟ್ಟಿ ಅಂಬಲಿ, ಮೆತ್ತಗೆ ಬೆಂದ ನುಚ್ಚು, ಹಾಲಿನಲ್ಲಿ ನೆನೆಸಿ ಕಿವುಚಿದ ರೊಟ್ಟಿ, ಬೇಳೆಯ ಗಟ್ಟಿ ಕಟ್ಟು, ಮೊಸರು, ಬಾಳೆಹಣ್ಣು. ಮೇಲೆ ತುಪ್ಪವೋ ಎಣ್ಣೆಯೋ ಹಾಕಿದರೆ ಸಣ್ಣ ತುತ್ತಿನಲ್ಲೇ ಶಕ್ತಿ ಸಿಗುತ್ತದೆ. ತೂಕ ಇಳಿದಷ್ಟೂ ಎಎಲ್‌ಎಸ್ ವೇಗವಾಗಿ ಸಾಗುವುದರಿಂದ, ಸಕ್ಕರೆ ಕಾಯಿಲೆ ಇಲ್ಲದವರಿಗೆ ಪಥ್ಯ ಹೇಳುವುದು ಕೆಡುಕು. ನೆಟ್ಟಗೆ ಕೂತು, ಗದ್ದವನ್ನು ಎದೆಯತ್ತ ಬಾಗಿಸಿ ನುಂಗುವುದನ್ನು ಕಲಿಸಬೇಕು. ಊಟದ ಹೊತ್ತಿನಲ್ಲಿ ಮಾತಾಡಿಸಬಾರದು.

ತೂಕ ಶೇ. 10ರಷ್ಟು ಇಳಿದರೆ, ಅಥವಾ ಒಂದು ಊಟಕ್ಕೆ ಒಂದು ತಾಸು ಹಿಡಿಯತೊಡಗಿದರೆ, ಹೊಟ್ಟೆಗೆ ನೇರವಾಗಿ ನಳಿಕೆ ಹಾಕುವ ವಿಚಾರ ಎತ್ತಬೇಕು. ಶ್ವಾಸಕೋಶದ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿಯುವ ಮೊದಲೇ ಇದನ್ನು ಹಾಕುವುದು ಒಳ್ಳೆಯದು. ತಡವಾದವರಿಗೆ ಮೂಗಿನ ನಳಿಕೆಯೇ ದಾರಿ. ಎರಡೂ ಬೇಡ, ನಾಲಿಗೆಗೆ ರುಚಿಸುವಷ್ಟೇ ತಿನ್ನುತ್ತೇನೆ ಎಂದು ರೋಗಿ ತಿಳಿದು ಹೇಳಿದರೆ ಅದೂ ಒಪ್ಪತಕ್ಕ ನಿರ್ಧಾರ.

ಬಾಯಿಂದ ಸುರಿಯುವ ಜೊಲ್ಲು ರೋಗಿಯನ್ನು ಜನರ ನಡುವೆ ಕೂರದಂತೆ ಮಾಡುತ್ತದೆ. ಜೊಲ್ಲು ಹೆಚ್ಚು ಉತ್ಪತ್ತಿಯಾಗಿರುವುದಿಲ್ಲ, ನುಂಗಲಾಗದೆ ಹೊರಬರುತ್ತದೆ ಅಷ್ಟೆ. ಅಮಿಟ್ರಿಪ್ಟಿಲಿನ್, ಗ್ಲೈಕೋಪೈರೊಲೇಟ್‌ನಂಥ ಮಾಮೂಲಿ ಔಷಧಿಗಳಿಂದ ಬಹುಮಟ್ಟಿಗೆ ತಗ್ಗುತ್ತದೆ.

ಮಾತು

ಮಾತು ಹೋಗುವ ಮುಂಚೆ ದನಿಯನ್ನು ಮೊಬೈಲಿನಲ್ಲಿ ಉಳಿಸಿಟ್ಟುಕೊಳ್ಳಬೇಕು: ಮಕ್ಕಳ ಹೆಸರು, ದಿನಬಳಕೆಯ ಮಾತುಗಳು, ಹಾಡು ಬಲ್ಲವರಾದರೆ ಒಂದು ಹಾಡು. ಬೆರಳು ಆಡುವವರೆಗೆ ಮೊಬೈಲಿನಲ್ಲಿ ಕನ್ನಡ ಬರೆದು ಯಂತ್ರದಿಂದ ಓದಿಸಬಹುದು. ಆಮೇಲೆ ಕಣ್ಣು ಉಳಿದಿರುತ್ತದೆ. ಕನ್ನಡದ ಅಕ್ಷರಮಾಲೆ ಈ ಕೆಲಸಕ್ಕೆ ಬಹಳ ಅನುಕೂಲ. ಒಂದು ರಟ್ಟಿನ ಮೇಲೆ ಸ್ವರಗಳನ್ನೂ ಕ, ಚ, ಟ, ತ, ಪ ವರ್ಗಗಳನ್ನೂ ಸಾಲಾಗಿ ಬರೆದು, ಮನೆಯವರು ಮೊದಲು ಸಾಲನ್ನು, ಆಮೇಲೆ ಆ ಸಾಲಿನ ಅಕ್ಷರವನ್ನು, ಕೊನೆಗೆ ಕಾಗುಣಿತವನ್ನು ಒಂದೊಂದಾಗಿ ಹೇಳುತ್ತಾರೆ. ರೋಗಿ ಬೇಕಾದಲ್ಲಿ ಕಣ್ಣು ಮಿಟುಕಿಸುತ್ತಾನೆ. ಆದರೆ 2011ರಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ಕ್ಕೂ ಕಡಿಮೆಯಿತ್ತು. ಓದು ಬಾರದವರಿಗೆ ಚಿತ್ರಗಳ ಫಲಕ ಬೇಕು: ನೀರು, ಮಗ್ಗುಲು ತಿರುಗಿಸು, ಸೊಳ್ಳೆ, ಸೆಕೆ, ನೋವು, ಯಾರನ್ನಾದರೂ ಕರೆ. ನಗರದ ಆಸ್ಪತ್ರೆಗಳ ಫಲಕಗಳಲ್ಲಿ ಸೊಳ್ಳೆ ಇರುವುದಿಲ್ಲ. ಕೈ ಎತ್ತಲಾಗದವನಿಗೆ ರಾತ್ರಿಯ ಸೊಳ್ಳೆ ಎಂಥ ಹಿಂಸೆ ಎಂಬುದನ್ನು ಮನೆಗೆ ಹೋಗಿ ನೋಡಿದವರೇ ಬಲ್ಲರು.

ನೋವು, ಮನಸ್ಸು

ಎಎಲ್‌ಎಸ್‌ನಲ್ಲಿ ನೋವಿಲ್ಲ ಎಂಬ ಮಾತು ಅರ್ಧ ಸತ್ಯ. ರೋಗವೇ ಹೆಚ್ಚು ನೋವು ಕೊಡದಿದ್ದರೂ ಅಲುಗಾಡದ ಕೀಲುಗಳು, ಜೋತುಬಿದ್ದ ಭುಜ, ಸೆಡೆತ ನೋವು ಕೊಡುತ್ತವೆ. ಒಂದೇ ಮಗ್ಗುಲಿನಲ್ಲಿ ತಾಸುಗಟ್ಟಲೆ ಮಲಗುವುದೇ ಒಂದು ಯಾತನೆ. ಸ್ಪರ್ಶ ಉಳಿದಿರುವುದರಿಂದ ಹಾಸಿಗೆಹುಣ್ಣು ಈ ರೋಗದಲ್ಲಿ ತುಸು ಅಪರೂಪ. ದಿನಕ್ಕೆರಡು ಬಾರಿ ಕೀಲುಗಳನ್ನು ಮೆಲ್ಲಗೆ ಆಡಿಸುವುದನ್ನು ಮನೆಯವರಿಗೆ ಕಲಿಸಲು ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್‌ಗೆ ಒಂದು ಮಧ್ಯಾಹ್ನ ಸಾಕು.

ತಡೆಯಲಾಗದ ನಗು ಅಥವಾ ಅಳು ಹಲವರಲ್ಲಿ ಬರುತ್ತದೆ. ಇದು ಮೆದುಳಿನ ನರಗಳ ತೊಂದರೆ, ಮನಸ್ಸಿನ ದುಃಖಕ್ಕೂ ಇದಕ್ಕೂ ನೇರ ನಂಟಿಲ್ಲ. ಹಳ್ಳಿಯಲ್ಲಿ ಗಾಳಿ ಸೋಕಿದೆ, ತಲೆ ಕೆಟ್ಟಿದೆ ಎನ್ನುತ್ತಾರೆ. ಔಷಧಿಯಿಂದ ಹತೋಟಿಗೆ ಬರುತ್ತದೆ ಎಂದು ತಿಳಿದರೆ ಹೆಂಡತಿ ಮಕ್ಕಳ ನಾಚಿಕೆ ಕಳೆಯುತ್ತದೆ. ಖಿನ್ನತೆ ಬೇರೆಯೇ ಸಂಗತಿ, ಅದನ್ನೂ ಕೇಳಿ ತಿಳಿದು ಚಿಕಿತ್ಸೆ ಕೊಡಬೇಕು.

ಸಾವಿನ ಬಗ್ಗೆ ರೋಗಿಗಳ ದೊಡ್ಡ ಭಯ ಉಸಿರುಗಟ್ಟಿ ಸಾಯುವುದು. ಜರ್ಮನಿ ಮತ್ತು ಬ್ರಿಟನ್ನಿನ 171 ರೋಗಿಗಳ ಕೊನೆಯ ದಿನಗಳನ್ನು ದಾಖಲಿಸಿದ 2001ರ ಅಧ್ಯಯನದಲ್ಲಿ ಯಾರೊಬ್ಬರೂ ಗಂಟಲು ಕಟ್ಟಿ ಸಾಯಲಿಲ್ಲ. ಬಹುಪಾಲು ಜನ ಮಂಪರಿನಲ್ಲಿ, ಶಾಂತವಾಗಿ ತೀರಿಕೊಂಡಿದ್ದರು. ಈ ಒಂದು ಸಂಗತಿಯನ್ನು ರೋಗಿಗೆ ತಿಳಿಸುವುದು ಎಷ್ಟೋ ನಿದ್ದೆಮಾತ್ರೆಗಳಿಗಿಂತ ಮೇಲು.

ಮನೆಯವರು

ದೇವದುರ್ಗ ಮತ್ತು ಮಾನ್ವಿಯ ಕೂಲಿ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತವೆ. ಕಾಲುವೆ ನೀರಿದ್ದ ಕಡೆ ಭತ್ತದ ಕೆಲಸ ಸಿಗುತ್ತದೆ, ಇಲ್ಲದ ಕಡೆ ಅದೂ ಇಲ್ಲ. ದುಡಿಯುವವನಿಗೇ ರೋಗ ಬಂದರೆ ಗುಳೆ ನಿಲ್ಲುತ್ತದೆ. ಅವನನ್ನು ನೋಡಿಕೊಳ್ಳಲು ಹೆಂಡತಿ ಕೂಲಿ ಬಿಟ್ಟರೆ ಎರಡು ಕೂಲಿ ನಿಂತಂತೆ. ಹೆಂಡತಿ ಕೂಲಿಗೆ ಹೋದರೆ ಮನೆಯಲ್ಲಿ ಉಳಿಯುವುದು ಹೆಣ್ಣುಮಗು, ಅಲ್ಲಿಗೆ ಅದರ ಶಾಲೆ ಮುಗಿಯುತ್ತದೆ. ಆರೈಕೆಯ ತಂಡ ಔಷಧಿಯ ಚೀಟಿಗಿಂತ ಮೊದಲು ಈ ಲೆಕ್ಕವನ್ನು ಕೇಳಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ದೀರ್ಘಕಾಲದ ನರರೋಗಗಳೂ ಸೇರಿವೆ. ಪ್ರಮಾಣಪತ್ರ, ಯುಡಿಐಡಿ ಕಾರ್ಡ್, ಮಾಸಾಶನಕ್ಕೆ ರೋಗಿ ನಡೆದಾಡುವ ಕಾಲದಲ್ಲೇ ಅರ್ಜಿ ಹಾಕಬೇಕು. ಹಾಸಿಗೆ ಹಿಡಿದ ಮೇಲೆ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯುವ ಬಾಡಿಗೆಯೇ ಹೊರೆ. ಬ್ಯಾಂಕಿನ ಖಾತೆಯನ್ನು ಜಂಟಿ ಮಾಡುವುದು, ನಾಮನಿರ್ದೇಶನ, ಪಹಣಿಯ ವ್ಯವಹಾರ ಇವೂ ಸಹಿ ಹಾಕುವ ಬೆರಳು ಗಟ್ಟಿಯಿರುವಾಗಲೇ ಮುಗಿಯಬೇಕು.

ಕೊನೆಯ ನಿರ್ಧಾರಗಳು

ಗಂಟಲಿಗೆ ರಂಧ್ರ ಮಾಡಿ ವೆಂಟಿಲೇಟರ್ ಹಾಕಿದರೆ ವರ್ಷಗಟ್ಟಲೆ ಬದುಕಬಹುದು. ಆದರೆ ರೋಗ ನಿಲ್ಲುವುದಿಲ್ಲ. ಕೊನೆಗೆ ಕಣ್ಣೂ ಆಡದ ಸ್ಥಿತಿ ಬರಬಹುದು, ಹಗಲಿರುಳು ಒಬ್ಬರು ಪಕ್ಕದಲ್ಲೇ ಇರಬೇಕು. ಇದು ಬೇಕೋ ಬೇಡವೋ ಎಂಬುದನ್ನು ರೋಗಿಯೇ ಹೇಳಬೇಕು, ತುರ್ತು ವಿಭಾಗದ ಗಡಿಬಿಡಿಯಲ್ಲಿ ಅಳಿಯನೋ ಅಣ್ಣನೋ ತೀರ್ಮಾನಿಸುವ ವಿಷಯ ಅದಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪಿನಲ್ಲಿ ಘನತೆಯ ಸಾವನ್ನು ಮೂಲಭೂತ ಹಕ್ಕೆಂದು ಒಪ್ಪಿ, ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಈ ತೀರ್ಪನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಮಾನ್ವಿಯ ತಾಲ್ಲೂಕು ಕೇಂದ್ರದಲ್ಲೇ ಮುಗಿಯುವ ಕೆಲಸವಿದು. ಇಚ್ಛಾಪತ್ರ ದಯಾಮರಣವಲ್ಲ. ಬೇಡದ ಯಂತ್ರವನ್ನು ಬೇಡವೆನ್ನುವ ಹಕ್ಕು, ಆ ಬಳಿಕವೂ ನೋವು ಏದುಸಿರುಗಳ ಆರೈಕೆ ಪೂರ್ತಿ ಮುಂದುವರಿಯುತ್ತದೆ.

ಜಿಲ್ಲೆಯಲ್ಲಿ ಜೋಡಣೆ

ಬೇಕಾದ ಅಂಗಗಳು ರಾಯಚೂರಿನಲ್ಲಿ ಬಿಡಿಬಿಡಿಯಾಗಿ ಇವೆ. ನಗರದಲ್ಲಿ 2007ರಲ್ಲಿ ಶುರುವಾದ ರಿಮ್ಸ್ ವೈದ್ಯಕೀಯ ಕಾಲೇಜು, ಜನ ಒಪೆಕ್ ದವಾಖಾನೆ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಖಾಸಗಿ ನವೋದಯ ವೈದ್ಯಕೀಯ ಕಾಲೇಜು ಇವೆ. ದೇವದುರ್ಗ, ಮಾನ್ವಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹಳ್ಳಿಗಳಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳಿವೆ, ಅವು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಒಂದು. ಆಶಾ ಕಾರ್ಯಕರ್ತೆಯರು ಮನೆ ಮನೆ ಬಲ್ಲರು. ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಇ-ಸಂಜೀವನಿಯಲ್ಲಿ ವೈದ್ಯರೊಡನೆ ದೂರದಿಂದಲೇ ಮಾತಾಡುವ ಸೌಲಭ್ಯ ಇದೆ. ಇವನ್ನೆಲ್ಲ ಒಬ್ಬ ರೋಗಿಯ ಸುತ್ತ ಹೆಣೆಯುವ ಒಬ್ಬ ವ್ಯಕ್ತಿ ಬೇಕು. ಅದಕ್ಕೆ ನರವೈದ್ಯರೇ ಆಗಬೇಕಿಲ್ಲ. ತರಬೇತಿ ಪಡೆದ ಒಬ್ಬ ನರ್ಸ್ ಪ್ರತಿ ತಿಂಗಳೂ ಮನೆಗೆ ಹೋಗಿ ತೂಕ, ನಿದ್ದೆ, ನುಂಗುವಿಕೆ, ಮನೆಯವರ ಸ್ಥಿತಿ ಬರೆದುಕೊಂಡು, ಬದಲಾವಣೆ ಕಂಡಾಗ ರಿಮ್ಸ್‌ಗೂ ಬೆಂಗಳೂರಿಗೂ ತಿಳಿಸಿದರೆ, ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ಕುತ್ತಿಗೆ ನಿಲ್ಲದ ರೋಗಿಯನ್ನು ಹೊತ್ತೊಯ್ಯುವ ಎಷ್ಟೋ ಪ್ರಯಾಣಗಳು ತಪ್ಪುತ್ತವೆ. ಗಡಿಯಾಚೆ ತೆಲಂಗಾಣದಲ್ಲಿ, ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಸಂಸ್ಥೆಯ ಅನುಭವದ ಬಲದಿಂದ, ಜಿಲ್ಲಾ ಮಟ್ಟದಲ್ಲಿ ಉಪಶಾಮಕ ಕೇಂದ್ರಗಳು ಶುರುವಾಗಿವೆ. ರಾಯಚೂರಿಗೆ ಆ ಮಾದರಿ ನೆರೆಮನೆಯಷ್ಟು ಹತ್ತಿರ.

ಸಾಧನಗಳ ಬಗ್ಗೆಯೂ ಒಂದು ಸುಲಭ ವ್ಯವಸ್ಥೆ ಸಾಧ್ಯ. ರೋಗಿ ತೀರಿಕೊಂಡ ಮನೆಗಳಲ್ಲಿ ಬೈಪ್ಯಾಪ್, ಗಾಳಿಹಾಸಿಗೆ, ಗಾಲಿಕುರ್ಚಿ, ಕಫ ಎಳೆಯುವ ಯಂತ್ರ ಸುಮ್ಮನೆ ಬಿದ್ದಿರುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ಒಂದು ದಾಖಲೆ ಪುಸ್ತಕ ಇದ್ದರೆ ಅವು ಇನ್ನೊಂದು ಮನೆಗೆ ಹೋಗುತ್ತವೆ. ಅವನ್ನು ಮರಳಿಸಲು ಬಂದ ಹೆಣ್ಣುಮಗಳನ್ನು ಕೂರಿಸಿ, ವಿಧವಾ ವೇತನದ ಅರ್ಜಿ, ಮಕ್ಕಳ ಶಾಲೆ, ಅವಳ ನಿದ್ದೆಯ ಬಗ್ಗೆ ವಿಚಾರಿಸುವುದೂ ಇದೇ ಆರೈಕೆಯ ಭಾಗ.

ಮೊದಲ ಹೆಜ್ಜೆಗಳು ದುಬಾರಿಯಲ್ಲ. ರಿಮ್ಸ್‌ನಲ್ಲಿ ವಾರಕ್ಕೊಂದು ದಿನದ ಉಪಶಾಮಕ ಹೊರರೋಗಿ ವಿಭಾಗ, ದೇವದುರ್ಗ ಮತ್ತು ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾರ್ಫಿನ್ ಮಾತ್ರೆ ಇಡುವ ಮಾನ್ಯತೆ, ಪ್ರತಿ ತಾಲ್ಲೂಕಿಗೆ ತರಬೇತಿ ಪಡೆದ ಒಬ್ಬ ನರ್ಸ್ ಮತ್ತು ಒಂದು ವಾಹನ. ಈ ಮೂರನ್ನು ಜಿಲ್ಲಾಡಳಿತವೂ ಆರೋಗ್ಯ ಇಲಾಖೆಯೂ ಈ ವರ್ಷವೇ ಕೈಗೆತ್ತಿಕೊಳ್ಳಬೇಕು. ಎಎಲ್‌ಎಸ್ ರೋಗಿಯೊಬ್ಬರಿಗಾಗಿ ಕಟ್ಟಿದ ಇದೇ ವ್ಯವಸ್ಥೆ ಕ್ಯಾನ್ಸರ್, ಲಕ್ವ, ಕಿಡ್ನಿ ವೈಫಲ್ಯದಿಂದ ಹಾಸಿಗೆ ಹಿಡಿದ ನೂರಾರು ಜನರಿಗೂ ಒದಗುತ್ತದೆ.